ಪರ್ಮಿಷನ್: ಅನುಮತಿಯೋ, ಅಪ್ಪಣೆಯೋ, ಹಕ್ಕೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯ ಕೇಳಬೇಕಿತ್ತು. ಪದ ‘ಪರ್ಮಿಷನ್’. ಕಂಪ್ಯೂಟರಿನ ಮಾತಿನಲ್ಲಿ ಇದಕ್ಕೆ ಏನನ್ನಬೇಕು ಎಂದರೆ ಮುಕ್ಕಾಲು ಪಾಲು ಜನ ‘ಅನುಮತಿ’ ಎಂದು ಹೇಳಿ ಮುಂದಕ್ಕೆ ಹೋಗುತ್ತೀರಿ. ಹೋದ ವಾರದವರೆಗೆ ನಾನೂ ಹಾಗೇ ಇದ್ದೆ.

ಆದದ್ದಿಷ್ಟು. ಮನೆಯಲ್ಲಿ ಎರಡು ಕಂಪ್ಯೂಟರ್, ಎರಡಕ್ಕೂ ವಿಂಡೋಸ್. ಮೇಜಿನ ಮೇಲಿರುವುದಕ್ಕೆ ದೊಡ್ಡದೊಂದು ಡ್ರೈವ್ ಹಾಕಿ ಶೇರ್ ಮಾಡಿಟ್ಟಿದ್ದೇನೆ. ಅಪ್ಪ ತಮ್ಮ ಲ್ಯಾಪ್‌ಟಾಪಿನಿಂದ ವೈಫೈ ಮೂಲಕ ಅದನ್ನು ತೆರೆದು, ಅಲ್ಲಿರುವ ಲೆಕ್ಕದ ಹಾಳೆ ತಿದ್ದಿ ಸೇವ್ ಮಾಡಬೇಕು. ಡ್ರೈವ್ ತೆರೆಯಿತು, ಹಾಳೆಯೂ ಕಂಡಿತು. ಸೇವ್ ಮಾತ್ರ ಆಗಲೊಲ್ಲದು. ನಾನು ಹೊರಗಿದ್ದೆ, ಮಾತೆಲ್ಲ ಫೋನಿನಲ್ಲೇ.

“ಆಕ್ಸೆಸ್ ಡಿನೈಡ್ ಅಂತ ಬರ್ತಿದೆ ಕಣೋ. ಹಂಗಂದ್ರೆ?”

“ಪ್ರವೇಶ ಇಲ್ಲ ಅಂತ ಅಪ್ಪ. ಅನುಮತಿ ಇಲ್ಲ.”

“ಪ್ರವೇಶ ಇಲ್ವಾ? ಒಳಗೆ ಬಂದು ಕೂತಿದೀನಲ್ಲೋ. ಅನುಮತಿ ಯಾರ ಹತ್ರ ಕೇಳ್ಬೇಕು? ಮನೆ ನಂದು, ಮಿಷನ್ನೂ ನಂದು.”

“ನೀವೇ ಕೊಡ್ಬೇಕು.”

“ನಿನ್ನೆ ಕೊಟ್ಟಾಯ್ತಲ್ಲ. ಎಲ್ಲರಿಗೂ ಅನುಮತಿ ಅಂತ ನೀನೇ ಟಿಕ್ ಮಾಡ್ಸಿದ್ದೆ.”

ಅಪ್ಪ ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಟಿಕ್ ಮಾಡಿಸಿದ್ದು ನಿಜ, ಅದು ಅನುಮತಿಯೇ ಹೌದು. ಆದರೆ ಅದೇ ಹೆಸರಿನ ಇನ್ನೊಂದು ಅನುಮತಿ ಪಕ್ಕದ ಪುಟದಲ್ಲಿತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪದದ ತಕರಾರು ಇರುವುದೇ ಇಲ್ಲಿ. ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ‘ಶೇರಿಂಗ್’ ಎಂದೊಂದು ಪುಟ, ‘ಸೆಕ್ಯುರಿಟಿ’ ಎಂದೊಂದು ಪುಟ. ಎರಡರಲ್ಲೂ ಪರ್ಮಿಷನ್ ಎಂಬ ಪಟ್ಟಿ ಇದೆ. ಶೇರಿಂಗ್ ಪುಟದ ಪಟ್ಟಿ ನೆಟ್‌ವರ್ಕ್ ದಾರಿಯಲ್ಲಿ ಬಂದವರಿಗೆ ಮಾತ್ರ. ಸೆಕ್ಯುರಿಟಿ ಪುಟದ್ದು ಡಿಸ್ಕಿನಲ್ಲೇ, ಪ್ರತಿ ಫೈಲಿಗೂ ಫೋಲ್ಡರಿಗೂ ಅಂಟಿಕೊಂಡಿರುವಂಥದ್ದು; ಆ ಕಂಪ್ಯೂಟರಿನ ಮುಂದೆಯೇ ಕೂತವರಿಗೂ ಅನ್ವಯಿಸುತ್ತದೆ. ನೆಟ್‌ವರ್ಕಿನಿಂದ ಬಂದವರು ಎರಡನ್ನೂ ದಾಟಬೇಕು, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರಿಂಗಿನಲ್ಲಿ ಎಲ್ಲರಿಗೂ ತಿದ್ದುವ ಅವಕಾಶ ಕೊಟ್ಟು, ಸೆಕ್ಯುರಿಟಿಯಲ್ಲಿ ಅಪ್ಪನ ಹೆಸರಿಗೆ ಬರೀ ಓದುವುದಿದ್ದರೆ, ಅಪ್ಪ ಓದಬಹುದು ಅಷ್ಟೆ. ನಮ್ಮಲ್ಲಿ ಆಗಿದ್ದದ್ದು ಇದೇ.

ಫೋನಿನಲ್ಲಿ ಇದನ್ನು ಹೇಳಲು ಹೊರಟರೆ “ಒಂದು ಅನುಮತಿ ಕೊಟ್ಟಿದೀರ, ಇನ್ನೊಂದು ಅನುಮತಿ ಕೊಟ್ಟಿಲ್ಲ” ಎನ್ನಬೇಕು. ನಾನು ಹಾಗೇ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

ಆಮೇಲೆ ಪದ ಬದಲಾಯಿಸಿದೆ. “ಬಾಗಿಲು ತೆಗ್ದಿದೀವಿ ಅಪ್ಪ, ಬೀರು ಬೀಗ ಹಾಗೇ ಇದೆ.” ತಕ್ಷಣ ತಿಳಿಯಿತು. ಅಲ್ಲಿಂದ ಸೆಕ್ಯುರಿಟಿ ಪುಟಕ್ಕೆ ‘ಬೀರು ಪುಟ’ ಎಂದು ಅವರೇ ಹೆಸರಿಟ್ಟುಕೊಂಡರು. ಎರಡು ನಿಮಿಷದ ಕೆಲಸ, ಸೇವ್ ಆಯಿತು.

ಈಗ ಪ್ರಶ್ನೆ. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ಪದವಿದ್ದರೆ ಅದು ಅವರ ಕಷ್ಟ. ನಮ್ಮಲ್ಲಿ ಅನುಮತಿ, ಅಪ್ಪಣೆ, ಒಪ್ಪಿಗೆ, ಸಮ್ಮತಿ, ಪರವಾನಗಿ, ಹಕ್ಕು, ಅಧಿಕಾರ ಎಂದು ಇಷ್ಟು ಪದಗಳಿರುವಾಗ, ಎರಡೂ ಕಡೆ ‘ಅನುಮತಿ’ಯನ್ನೇ ಅಂಟಿಸಬೇಕೆ?

ನನಗೆ ಅನ್ನಿಸುವುದು ಹೀಗೆ. ಅನುಮತಿ, ಅಪ್ಪಣೆ ಎರಡನ್ನೂ ಕೇಳಿ ಪಡೆಯುತ್ತೇವೆ. ಕೊಡುವವರು ಎದುರಿಗೆ ಇರಬೇಕು, ಕೊಟ್ಟದ್ದು ಆ ಹೊತ್ತಿಗೆ. ‘ಅಪ್ಪಣೆಯಾದರೆ ಹೊರಡುತ್ತೇನೆ’ ಎನ್ನುತ್ತೇವೆ, ‘ಹಕ್ಕಾದರೆ ಹೊರಡುತ್ತೇನೆ’ ಎನ್ನುವುದಿಲ್ಲ. ಹಕ್ಕು ಎನ್ನುವುದು ಆಸ್ತಿಗೆ ಅಂಟಿಕೊಂಡದ್ದು: ಯಾರೂ ಕೇಳದಿದ್ದರೂ ಪತ್ರದಲ್ಲಿ ಬರೆದಿರುತ್ತದೆ. ಡಿಸ್ಕಿನ ಮೇಲಿರುವುದು ಅಂಥ ಬರಹವೇ. ಹಾಗಾಗಿ ಶೇರಿಂಗ್ ಪುಟದ್ದಕ್ಕೆ ‘ಪ್ರವೇಶದ ಅನುಮತಿ’ ಅಥವಾ ಬರೀ ‘ಅಪ್ಪಣೆ’, ಸೆಕ್ಯುರಿಟಿ ಪುಟದ್ದಕ್ಕೆ ‘ಹಕ್ಕು’ ಎಂದು ಬೇರ್ಪಡಿಸಿದರೆ ಹೇಗೆ? ‘ಹಕ್ಕು’ ಅರಬ್ಬಿಯಿಂದ ಬಂದದ್ದು ಎಂಬ ಆಕ್ಷೇಪ ಬೇಡ, ಅದು ನಮ್ಮದಾಗಿ ಬಹಳ ಕಾಲವಾಯಿತು. ಪಾರಸಿಯಿಂದ ಬಂದ ‘ಪರವಾನಗಿ’ಯನ್ನು ನಾನು ಪಕ್ಕಕ್ಕಿಟ್ಟದ್ದು ಬೇರೆ ಕಾರಣಕ್ಕೆ. ಅದು ಈಗಾಗಲೇ ‘ಲೈಸೆನ್ಸ್’ ಜಾಗದಲ್ಲಿ ಕೂತಿದೆ, ಎಬ್ಬಿಸುವುದು ಕಷ್ಟ.

ಇನ್ನು ‘ಡಿನೈ’. ಇದು ಇನ್ನೂ ಸ್ವಾರಸ್ಯದ್ದು. ಸೆಕ್ಯುರಿಟಿ ಪುಟದಲ್ಲಿ ಪ್ರತಿ ಸಾಲಿಗೂ ‘ಅಲೌ’, ‘ಡಿನೈ’ ಎಂದು ಎರಡು ಚೌಕ. ಅಲೌ ಚೌಕದ ಟಿಕ್ ತೆಗೆಯುವುದು ಒಂದು, ಡಿನೈ ಚೌಕಕ್ಕೆ ಟಿಕ್ ಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ಯಾರಿಗೂ ಏನೂ ಹೇಳಿಲ್ಲ. ಆ ಬಳಕೆದಾರ ಸೇರಿರುವ ಬೇರೆ ಗುಂಪಿನ ಮೂಲಕ ಹಕ್ಕಿದ್ದರೆ ಅದು ನಡೆಯುತ್ತದೆ. ಎರಡನೆಯದು ಸ್ಪಷ್ಟವಾದ ತಡೆ, ಬೇರೆ ಕಡೆಯಿಂದ ಬಂದ ಹಕ್ಕನ್ನೂ ಹೊಡೆದು ಹಾಕುತ್ತದೆ. ಆದರೆ ತೆರೆಯಲು ಹೋದವನಿಗೆ ಕಾಣುವುದು ಎರಡರಲ್ಲೂ ಅದೇ ‘ಆಕ್ಸೆಸ್ ಡಿನೈಡ್’. ಕನ್ನಡದಲ್ಲಿ ಇವೆರಡು ಬೆರೆಯುವ ಪ್ರಶ್ನೆಯೇ ಇರಲಿಲ್ಲ: ‘ಇಲ್ಲ’ ಬೇರೆ, ‘ಬೇಡ’ ಬೇರೆ, ‘ಕೂಡದು’ ಬೇರೆ. ‘ಹಕ್ಕು ಇಲ್ಲ’ ಎಂದರೆ ಕೊಟ್ಟಿಲ್ಲ; ‘ತೆರೆಯಕೂಡದು’ ಎಂದರೆ ತಡೆದಿದೆ. ನಾವು ಎರಡಕ್ಕೂ ‘ನಿರಾಕರಿಸಲಾಗಿದೆ’ ಎಂದು ಬರೆದು ಇದ್ದ ಭೇದವನ್ನು ಅಳಿಸಿದ್ದೇವೆ. ಫೋನುಗಳಲ್ಲಿ ಬರುವ ‘ಅನುಮತಿಸಿ’, ‘ಅನುಮತಿಸಬೇಡಿ’ ಜೋಡಿ ಕಿವಿಗೆ ಅಷ್ಟು ಹಿತವಲ್ಲ, ಆದರೂ ನಿರಾಕರಣೆಗಿಂತ ವಾಸಿ.

ಈ ಭೇದ ಗೊತ್ತಿಲ್ಲದೆ ನಾನೇ ಒಮ್ಮೆ ಕೆಟ್ಟಿದ್ದೇನೆ. ಯಾರೂ ಅಳಿಸದಿರಲಿ ಎಂದು ‘ಎವ್ರಿಒನ್’ ಸಾಲಿನಲ್ಲಿ ಡಿನೈ ಚೌಕಗಳಿಗೆಲ್ಲ ಟಿಕ್ ಹಾಕಿದೆ. ಎಲ್ಲರೂ ಎನ್ನುವುದರಲ್ಲಿ ನಾನೂ ಸೇರಿದ್ದೆ.

ಅಂದಹಾಗೆ ಈ ‘ಎವ್ರಿಒನ್’ ಕೂಡ ‘ಎಲ್ಲರೂ’ ಅಲ್ಲ. ಹೆಸರು ಹೇಳದೆ ಬಂದವರು ಈಗಿನ ವಿಂಡೋಸಿನಲ್ಲಿ ಆ ಗುಂಪಿಗೆ ಸೇರುವುದಿಲ್ಲ. ‘ಗುರುತಿರುವವರೆಲ್ಲ’ ಎನ್ನುವುದು ಹೆಚ್ಚುಕಡಿಮೆ ಸರಿಯಾದ ಅರ್ಥ. ‘ಎಲ್ಲರಿಗೂ ಅನುಮತಿ ಕೊಟ್ಟಿದ್ದೀನಿ, ಆದರೂ ಪಾಸ್‌ವರ್ಡ್ ಕೇಳುತ್ತೆ’ ಎಂದು ಗೊಣಗುವವರಿಗೆ ಉತ್ತರ ಇಲ್ಲೇ ಇದೆ. ಕೇಳುವುದು ಹಕ್ಕಿನ ಪ್ರಶ್ನೆಯಲ್ಲ, ಗುರುತಿನ ಪ್ರಶ್ನೆ. ‘ಗೆಸ್ಟ್’ ಎಂಬ ಹೆಸರಿಲ್ಲದ ಪ್ರವೇಶವನ್ನು 2017ರ ವಿಂಡೋಸ್ 10ರ 1709 ಆವೃತ್ತಿಯಲ್ಲಿ ಎಂಟರ್‌ಪ್ರೈಸ್, ಎಜುಕೇಷನ್ ಎಂಬ ಬಗೆಗಳನ್ನು ಬಳಸುವವರಿಗೆ ಮುಚ್ಚಿದರು. 2024ರ ವಿಂಡೋಸ್ 11ರ 24ಎಚ್2 ಬಂದ ಮೇಲೆ ಪ್ರೊ ಬಳಸುವವರಿಗೂ ಅದೇ ಗತಿ. ಹಳೆಯ ನೆಟ್‌ವರ್ಕ್ ಡಿಸ್ಕುಗಳು ಅಪ್‌ಡೇಟ್ ಆದ ಮರುದಿನ ಕೈಕೊಡುವುದಕ್ಕೆ ಇದೊಂದು ಕಾರಣ. ಗೆಸ್ಟ್‌ಗೆ ‘ಅತಿಥಿ’ ಎಂದು ಬರೆಯುತ್ತಾರೆ. ತಿಥಿ ಗೊತ್ತು ಮಾಡದೆ ಬರುವವನು ಅತಿಥಿ ಎಂಬುದು ಆ ಪದಕ್ಕೆ ಹಿಂದಿನಿಂದ ಹೇಳುವ ವಿವರಣೆ. ಇಲ್ಲಿ ಬರುವವನಿಗೆ ಇಲ್ಲದಿರುವುದು ಹೆಸರು, ತಿಥಿಯಲ್ಲ. ‘ಅನಾಮಿಕ’ ಹೆಚ್ಚು ಒಪ್ಪುತ್ತದೆ, ಅತಿಥಿಗೆ ಬಾಗಿಲು ಹಾಕಿದ ಪಾಪವೂ ತಪ್ಪುತ್ತದೆ.

ಗುರುತಿನ ಮಾತು ಬಂದದ್ದರಿಂದ ಒಂದು ಮಾತು. ಆಡುಮಾತಿನಲ್ಲಿ ನಾವೆಲ್ಲ ‘ಓಪನ್ ಆಗ್ತಿಲ್ಲ’ ಎಂದುಬಿಡುತ್ತೇವೆ, ರಿಪೇರಿ ಮಾಡುವವನು ಅಲ್ಲಿಂದ ಊಹಿಸಬೇಕು. ಅದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ದಾರಿಯೇ ಸಿಗದಿರುವುದು: ವೈಫೈಯನ್ನು ‘ಪಬ್ಲಿಕ್’ ಎಂದು ಗುರುತು ಮಾಡಿದ್ದರೆ, ನೆಟ್‌ವರ್ಕಿನ ಕಾವಲಿಗಿರುವ ಫೈರ್‌ವಾಲ್, ಶೇರಿಂಗ್ ನಡೆಯುವ 445ನೇ ಪೋರ್ಟನ್ನು ತಡೆದಿದ್ದರೆ ಹೀಗೆ. ಗುರುತು ಹತ್ತದಿರುವುದು: ಪಾಸ್‌ವರ್ಡ್ ಬದಲು ಪಿನ್ ಹೊಡೆದರೆ, ಪಾಸ್‌ವರ್ಡೇ ಇಲ್ಲದ ಖಾತೆಯಿಂದ ಬಂದರೆ, ಪಾಸ್‌ವರ್ಡುಗಳನ್ನು ನೆನಪಿಟ್ಟುಕೊಳ್ಳುವ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿದ್ದರೆ. ಹಕ್ಕು ಸಾಲದಿರುವುದು ಮೂರನೆಯದು. ‘ದಾರಿ ಸಿಗಲಿಲ್ಲ, ಗುರುತು ಹತ್ತಲಿಲ್ಲ, ಹಕ್ಕು ಸಾಲದು’ ಎಂದು ಪರದೆಯ ಮೇಲೆ ಬಂದಿದ್ದರೆ ಅಪ್ಪ ನನಗೆ ಫೋನೇ ಮಾಡುತ್ತಿರಲಿಲ್ಲ.

ಈಗ ನನಗೆ ಬಹಳ ಇಷ್ಟವಾದ ಜೋಡಿ. ಮರುದಿನ ಇನ್ನೊಂದು ತೊಡಕು ಎದುರಾಯಿತು: ಫೋಟೋಗಳ ಫೋಲ್ಡರ್ ಹೆಸರು ಕಾಣುತ್ತದೆ, ತೆರೆಯುವುದಿಲ್ಲ. ಅಕ್ಕಪಕ್ಕದವೆಲ್ಲ ತೆರೆಯುತ್ತವೆ. ನೋಡಿದರೆ, ಅದನ್ನು ನಾನು ಅದೇ ಡ್ರೈವಿನಲ್ಲಿ ನನ್ನೊಬ್ಬನಿಗೆಂದು ಇಟ್ಟಿದ್ದ ಜಾಗದಿಂದ ಎಳೆದು ಇಲ್ಲಿ ಹಾಕಿದ್ದೆ. ಕಾಪಿ ಮಾಡಿದರೆ ಫೋಲ್ಡರ್ ಹೊಸ ಮನೆಯ ಹಕ್ಕುಗಳನ್ನು ಪಡೆಯುತ್ತದೆ; ಅದೇ ಡ್ರೈವಿನೊಳಗೆ ಸರಿಸಿದರೆ ಹಳೆಯ ಹಕ್ಕುಗಳನ್ನು ಹೊತ್ತುಕೊಂಡೇ ಬರುತ್ತದೆ. ಮೇಲಿನ ಫೋಲ್ಡರಿನಿಂದ ಇಳಿದು ಬಂದ ಹಕ್ಕಿಗೆ ಇಂಗ್ಲಿಷಿನಲ್ಲಿ ‘ಇನ್ಹೆರಿಟೆಡ್’, ಆ ಫೋಲ್ಡರಿಗೇ ನೇರವಾಗಿ ಕೊಟ್ಟದ್ದಕ್ಕೆ ‘ಎಕ್ಸ್‌ಪ್ಲಿಸಿಟ್’. ಇದನ್ನು ‘ಆನುವಂಶಿಕ’, ‘ಸುಸ್ಪಷ್ಟ’ ಎಂದು ಅನುವಾದಿಸಿದರೆ ಯಾರಿಗೂ ಏನೂ ಹೊಳೆಯುವುದಿಲ್ಲ, ಆನುವಂಶಿಕ ಎಂದರೆ ಕಾಯಿಲೆಯೇ ನೆನಪಾಗುತ್ತದೆ. ‘ಪಿತ್ರಾರ್ಜಿತ’, ‘ಸ್ವಯಾರ್ಜಿತ’ ಎಂದು ನೋಡಿ! ಆಸ್ತಿಯ ಮಾತು ಕೇಳಿದ ಯಾರಿಗಾದರೂ ಅರ್ಥವಾಗುತ್ತದೆ. ಯಾವುದಕ್ಕೆ ಮೇಲುಗೈ ಎಂಬ ವಿಂಡೋಸಿನ ನಿಯಮವನ್ನೂ ಒಂದೇ ಉಸಿರಿನಲ್ಲಿ ಹೇಳಬಹುದು: ಪಿತ್ರಾರ್ಜಿತ ತಡೆಯನ್ನು ಸ್ವಯಾರ್ಜಿತ ಹಕ್ಕು ಮೀರುತ್ತದೆ, ಸ್ವಯಾರ್ಜಿತ ತಡೆಯನ್ನು ಯಾವುದೂ ಮೀರುವುದಿಲ್ಲ. ‘ಫುಲ್ ಕಂಟ್ರೋಲ್’ಗೆ ‘ಯಜಮಾನಿಕೆ’ ಎನ್ನುವ ಆಸೆಯೂ ಇದೆ. ಅದರಲ್ಲಿ ತಿದ್ದುವುದು ಅಳಿಸುವುದಷ್ಟೇ ಅಲ್ಲ, ಬೇರೆಯವರಿಗೆ ಹಕ್ಕು ಹಂಚುವ ಅಧಿಕಾರವೂ ಸೇರಿದೆ. ‘ಪೂರ್ಣ ನಿಯಂತ್ರಣ’ದಲ್ಲಿ ಆ ಧ್ವನಿ ಇಲ್ಲ.

‘ಹಂಚು’ ಎಂದೆನಲ್ಲ, ಅದರಲ್ಲೂ ಒಂದು ಅನುಮಾನ. ಶೇರ್ ಮಾಡುವುದಕ್ಕೆ ‘ಹಂಚಿಕೊಳ್ಳು’ ಎಂಬುದು ಈಗ ಎಲ್ಲೆಡೆ ನಿಂತುಬಿಟ್ಟಿದೆ. ಸುದ್ದಿ, ಚಿತ್ರ, ದುಃಖ ಹಂಚಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಆದರೆ “ಡ್ರೈವ್ ಹಂಚಿದೀನಿ” ಎಂದಾಗ ಅಪ್ಪ ಕೇಳಿದ್ದು “ಯಾರಿಗೆ ಎಷ್ಟು ಜಿಬಿ?” ಎಂದು. ಹಂಚಿದರೆ ಪಾಲಾಗಬೇಕು, ಪಾಲು ಅವರವರದಾಗಬೇಕು. ಹಾಗೆ ನೋಡಿದರೆ ‘ಹಂಚಿದ ಡ್ರೈವ್’ ಎನ್ನುವುದು ‘ಪಾರ್ಟಿಷನ್’ ಮಾಡಿದ್ದಕ್ಕೆ ಹೇಳಿ ಮಾಡಿಸಿದ ಪದ. (ಹಳಗನ್ನಡದ ‘ಪಂಚು’ ನಮ್ಮಲ್ಲಿ ‘ಹಂಚು’ ಆಯಿತು, ತೆಲುಗರಲ್ಲಿ ಇನ್ನೂ ‘ಪಂಚು’ ಆಗಿಯೇ ಇದೆ. ‘ಪಾಲು’ ಮಾತ್ರ ‘ಹಾಲು’ ಆಗಲಿಲ್ಲ, ಆಗಿದ್ದರೆ ಇನ್ನೊಂದು ಗೊಂದಲವಿತ್ತು.) ಒಂದೇ ಆಸ್ತಿಯನ್ನು ಭಾಗ ಮಾಡದೆ ಎಲ್ಲರೂ ಬಳಸುವುದಕ್ಕೆ ‘ಕೂಡು’ ಇದೆಯಲ್ಲ, ಕೂಡುಕುಟುಂಬದ ಹಾಗೆ. ‘ಕೂಡುಡ್ರೈವ್’ ಎನ್ನಲು ನಾಲಿಗೆ ತಡವರಿಸುತ್ತದೆ, ಎರಡು ಡಕಾರ ಒತ್ತಿಗೆ ಬಂದು. ‘ಕೂಡುಬಳಕೆ’ ಎಂದರೆ ಪರವಾಗಿಲ್ಲವೇ?

ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೂ ಒಂದು ಪ್ರಶ್ನೆ. ಅಲ್ಲಿ ಹಕ್ಕು ಮೂರೇ: ಓದು, ಬರೆ, ಮೂರನೆಯದು ‘ಎಕ್ಸಿಕ್ಯೂಟ್’. ಫೈಲಿಗಾದರೆ ಪ್ರೋಗ್ರಾಮನ್ನು ನಡೆಸುವ ಹಕ್ಕು, ಫೋಲ್ಡರಿಗಾದರೆ ಅದರೊಳಗೆ ಹಾದುಹೋಗುವ ಹಕ್ಕು. ಈ ಹಕ್ಕುಗಳನ್ನು ಮೂರು ಅಂಕಿಗಳಲ್ಲಿ ಬರೆಯುತ್ತಾರೆ: ಕ್ರಮವಾಗಿ ಒಡೆಯ, ಗುಂಪು, ಉಳಿದವರು; ಓದಿಗೆ 4, ಬರೆಗೆ 2, ಎಕ್ಸಿಕ್ಯೂಟ್‌ಗೆ 1 ಕೂಡಿಸಿದ್ದು ಒಂದೊಂದು ಅಂಕಿ. 755 ಇರುವ ಫೋಲ್ಡರಿನೊಳಗೆ ಎಲ್ಲರೂ ಹೋಗಬಹುದು. 644 ಮಾಡಿದರೆ ಒಳಗಿನ ಹೆಸರುಗಳು ಕಾಣುತ್ತವೆ, ಕಾಲಿಡಲಾಗದು. ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನಲ್ಲಿ 21.04 ಆವೃತ್ತಿಯಿಂದ ಹೊಸ ಬಳಕೆದಾರರ ಹೋಮ್ ಫೋಲ್ಡರ್ 750 ಆಗಿ ಹುಟ್ಟುತ್ತದೆ. ಅದರೊಳಗಿನ ಯಾವುದನ್ನೋ ಸಾಂಬಾದಲ್ಲಿ (ಲಿನಕ್ಸಿನಿಂದ ವಿಂಡೋಸಿನ ರೀತಿಯಲ್ಲೇ ಶೇರ್ ಮಾಡಲು ಬಳಸುವ ತಂತ್ರಾಂಶ) ಶೇರ್ ಮಾಡಿದವರು ಬೇರೆ ಖಾತೆಯಿಂದ ಬಂದು, ಒಳಗಿನ ಫೋಲ್ಡರಿಗೆ 777 ಕೊಟ್ಟರೂ ತೆರೆಯದೆ ತಲೆ ಚಚ್ಚಿಕೊಳ್ಳುವುದು ಇದಕ್ಕೇ. ಹೊರಗಿನ ಬಾಗಿಲಲ್ಲೇ ತಡೆ. ‘ಎಕ್ಸಿಕ್ಯೂಟ್’ಗೆ ‘ಕಾರ್ಯಗತಗೊಳಿಸು’ ಎಂದು ಬರೆದರೆ ಫೋಲ್ಡರಿನ ಮಟ್ಟಿಗೆ ಅರ್ಥವೇ ಇಲ್ಲ. ಕನ್ನಡದಲ್ಲಿ ಫೈಲನ್ನು ‘ನಡೆಸು’, ಫೋಲ್ಡರಿನೊಳಗೆ ‘ನಡೆ’. ಒಂದೇ ಧಾತು ಎರಡು ಅರ್ಥವನ್ನೂ ಹೊರುತ್ತದೆ. ಓದು, ಬರೆ, ನಡೆ. ಇದನ್ನು ಯಾರಾದರೂ ಮೊದಲೇ ಬಳಸಿದ್ದರೆ ತಿಳಿಸಿ, ನಾನು ಕಂಡುಹಿಡಿದೆ ಎಂದು ಮೆರೆಯುವುದನ್ನು ನಿಲ್ಲಿಸುತ್ತೇನೆ.

(ಸಾಂಬಾ ಎಂಬ ಹೆಸರೇ ಪದಪಟ್ಟಿಯಿಂದ ಬಂದದ್ದು. ಅದನ್ನು ಬರೆದ ಆಂಡ್ರ್ಯೂ ಟ್ರಿಡ್ಜೆಲ್, ವಿಂಡೋಸ್ ಶೇರಿಂಗಿನ ವಿಧಾನದ ಹೆಸರಾದ ಎಸ್, ಎಂ, ಬಿ ಈ ಮೂರು ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದವನ್ನು ಕಂಪ್ಯೂಟರಿನಲ್ಲಿದ್ದ ಪಟ್ಟಿಯಲ್ಲಿ ಹುಡುಕಿ ಆರಿಸಿದರು. ನಮ್ಮ ಕೆಲಸವನ್ನು ಅವರೂ ಮಾಡಿದ್ದಾರೆ.)

ಕೇಳಬೇಕಾದದ್ದು ಇಷ್ಟೇ: ‘ಅಪ್ಪಣೆ’ಯನ್ನೂ ‘ಹಕ್ಕ’ನ್ನೂ ಹೀಗೆ ಬೇರ್ಪಡಿಸುವುದು ನಿಮ್ಮ ಕಿವಿಗೆ ಒಪ್ಪುತ್ತದೆಯೇ? ‘ಅಪ್ಪಣೆ’ಯಲ್ಲಿ ದೊಡ್ಡವರು ಚಿಕ್ಕವರು ಎಂಬ ವಾಸನೆ ಇದೆ, ಯಂತ್ರದ ಮುಂದೆ ತಲೆಬಾಗಿದಂತಾಗುತ್ತದೆ ಎಂದು ತಂಗಿಯ ಆಕ್ಷೇಪ. ಅಪ್ಪನ ಲ್ಯಾಪ್‌ಟಾಪಿಗೆ ಅಂಟಿಸಿರುವ ಚೀಟಿಯಲ್ಲಿ ಎರಡೂ ಪದ ಇಲ್ಲ. ‘ಬಾಗಿಲು: ಎಲ್ಲರೂ. ಬೀರು: ನಾನು, ಮಗ’ ಎಂದು ಬರೆದುಕೊಂಡಿದ್ದಾರೆ.