ಕಥೆಯ ಫಾಂಟ್, ಬಣ್ಣ: ಬರೆಯುವವರ ಕೈಗೋ, ಓದುವವರ ಕೈಗೋ?

ಕಥೆಗಾರ್ತಿ:
ಟ್ವೈನ್ ಎಂಬ ಕಥೆ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಒಂದು ಕವಲು ಕಥೆ ಬರೆಯುತ್ತಿದ್ದೇನೆ. ಓದುವವರು ಒತ್ತಿದ ಲಿಂಕಿನ ಕಡೆಗೆ ಕಥೆ ತಿರುಗುತ್ತದೆ. ಅದರಲ್ಲಿ ಮೂರು ದನಿಗಳಿವೆ: ನಿರೂಪಣೆ, ಅಜ್ಜಿಯ ಹಳೆಯ ಪತ್ರಗಳು, ಮೊಮ್ಮಗಳ ಮೆಸೇಜುಗಳು. ಬಿಳಿ ಹಿನ್ನೆಲೆ ಇಟ್ಟು ನಿರೂಪಣೆಗೆ ಬೂದು, ಪತ್ರಕ್ಕೆ ಕೈಬರಹದ ಫಾಂಟ್ ಮತ್ತು ಗಾಢ ಕಂದು, ಮೆಸೇಜಿಗೆ ಹಸಿರು ಕೊಡೋಣ ಅಂತಿದ್ದೇನೆ. ಗೆಳತಿಗೆ ತೋರಿಸಿದೆ. "ಇದೆಲ್ಲ ಯಾಕೆ? ಓದುವವರು ತಮಗೆ ಬೇಕಾದ ಹಾಗೆ ಇಟ್ಟುಕೊಳ್ಳಲಿ ಬಿಡು" ಅಂದಳು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನೀವೆಲ್ಲ ಏನಂತೀರಿ?

ಸಾದಾಪುಟ:
ನಿಮ್ಮ ಗೆಳತಿ ಹೇಳಿದ್ದೇ ಸರಿ. ಅಜ್ಜಿ ಬರೆದ ಸಾಲು ಅಜ್ಜಿಯದೇ ಅಂತ ಅದರ ಮಾತಿನಿಂದಲೇ ಗೊತ್ತಾಗಬೇಕು. ಬಣ್ಣ ತೆಗೆದ ಕೂಡಲೇ ಯಾರ ದನಿ ಅಂತ ತಿಳಿಯದಿದ್ದರೆ ಬರವಣಿಗೆಯಲ್ಲೇ ಇನ್ನೂ ಕೆಲಸ ಬಾಕಿ ಇದೆ. ಓದುವವರಿಗೆ ಅವರದೇ ಅಭ್ಯಾಸ ಇರುತ್ತದೆ. ಒಬ್ಬರು ರಾತ್ರಿ ಕಪ್ಪು ಹಿನ್ನೆಲೆಯಲ್ಲಿ ಓದುತ್ತಾರೆ, ಇನ್ನೊಬ್ಬರು ಅಕ್ಷರ ದೊಡ್ಡದು ಮಾಡಿಕೊಳ್ಳುತ್ತಾರೆ. ಅದರಲ್ಲಿ ನಾವು ಕೈ ಹಾಕಬಾರದು.

ಹಸಿರುಶಾಯಿ:
ಸಾದಾಪುಟ ಅವರೇ, ಮೊದಲಿಂದ ಕೊನೆವರೆಗೆ ಸಾಲಾಗಿ ಓದುವ ಕಥೆಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಇದು ಕವಲು ಕಥೆ ಅಲ್ವಾ? ಓದುವವರು ಯಾವ ದಾರಿಯಿಂದ ಈ ಪುಟಕ್ಕೆ ಬಂದರು ಅಂತ ಬರೆಯುವವರಿಗೆ ಗೊತ್ತಿರುವುದಿಲ್ಲ. ಅಜ್ಜಿಯ ಪೆಟ್ಟಿಗೆ ತೆರೆದ ಸಾಲು ಇನ್ನೊಂದು ಕವಲಿನಲ್ಲೇ ಉಳಿದಿರಬಹುದು. ಪುಟ ಬಂದ ತಕ್ಷಣ ಇದು ಪತ್ರ ಅಂತ ಕಣ್ಣಿಗೇ ತಿಳಿಯಬೇಕು. ಅಚ್ಚಿನ ಪುಸ್ತಕಗಳಲ್ಲೂ ಪತ್ರವನ್ನು ಅಂಚಿನಿಂದ ಒಳಗೆ ಸರಿಸಿ, ಕೆಲವೊಮ್ಮೆ ಬೇರೆ ಅಕ್ಷರದಲ್ಲಿ ಹಾಕುತ್ತಾರೆ. ಅದರಿಂದ ಬರವಣಿಗೆಯ ಬೆಲೆ ಕಡಿಮೆಯಾಗುವುದಿಲ್ಲ.

ಕಣ್ಣಳತೆ:
ನನಗೆ ಹುಟ್ಟಿನಿಂದಲೇ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ನಿಮ್ಮ ಗಾಢ ಕಂದು ಮತ್ತು ಹಸಿರು ನನ್ನ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಅಂದರೆ ಅಜ್ಜಿ ಯಾರು, ಮೊಮ್ಮಗಳು ಯಾರು ಅಂತ ಬಣ್ಣದಿಂದ ನನಗೆ ತಿಳಿಯುವುದೇ ಇಲ್ಲ. ಹೀಗೆ ಕಾಣುವವರು, ಅದರಲ್ಲೂ ಗಂಡಸರು, ತುಂಬಾ ಜನ ಇದ್ದಾರೆ. ಬಣ್ಣವೇ ಬೇಡ ಅಂತಲ್ಲ. ಬಣ್ಣ ಒಂದನ್ನೇ ನಂಬಬೇಡಿ. ಪತ್ರಕ್ಕೆ ಮೇಲೊಂದು ತಾರೀಖು, ಎಡಕ್ಕೆ ಒಂದು ಗೆರೆ. ಮೆಸೇಜಿಗೆ ಸುತ್ತ ಒಂದು ಚೌಕ. ಅಷ್ಟಿದ್ದರೆ ನನಗೂ ಗೊತ್ತಾಗುತ್ತದೆ. ವೆಬ್‌ಗೆ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ, ವೆಬ್‌ಪುಟ ಎಲ್ಲರಿಗೂ ಓದಲು ಆಗಲಿ ಅಂತ 2008ರಲ್ಲಿ ಹೊರತಂದ ಡಬ್ಲ್ಯೂಸಿಎಜಿ 2.0 ಮಾರ್ಗಸೂಚಿ ಹೇಳುವುದೂ ಇದನ್ನೇ: ಏನನ್ನಾದರೂ ತಿಳಿಸಲು ಬಣ್ಣವೊಂದನ್ನೇ ಬಳಸಬಾರದು.

ಬೂದು ಬಗ್ಗೆಯೂ ಒಂದು ಮಾತು. ಅದೇ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಹೊಳಪಿನ ಅನುಪಾತ, ಬೇಕು. ಬಿಳಿಯ ಮೇಲೆ ಪೂರ್ತಿ ಕಪ್ಪು ಇಟ್ಟರೆ ಅದು 21:1. 777777 ಎಂಬ ಕೋಡಿನ ಬೂದು ಇಟ್ಟರೆ ಸುಮಾರು 4.48, ಸ್ವಲ್ಪದರಲ್ಲಿ ಫೇಲ್. ಅದಕ್ಕಿಂತ ತಿಳಿಯಾದ ಬೂದು ಅಂದರೆ ಇನ್ನೂ ಕಷ್ಟ. ಓದುವವರು ಜಾಸ್ತಿ ಹೊತ್ತು ಕಳೆಯುವುದು ನಿರೂಪಣೆಯಲ್ಲೇ. ಅದನ್ನೇ ಮಸುಕು ಮಾಡುವುದು ಯಾಕೆ?

ಕಥೆಗಾರ್ತಿ:
ಕಂದು, ಹಸಿರಿನ ವಿಷಯ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಗೆರೆ, ಚೌಕ ಎರಡೂ ಹಾಕುತ್ತೇನೆ. ನಿರೂಪಣೆ ಕಪ್ಪೇ ಇರಲಿ. ಇನ್ನೊಂದು ಪ್ರಶ್ನೆ. ಪತ್ರಕ್ಕೆ ಜಾರ್ಜಿಯಾ ಫಾಂಟ್ ಕೊಟ್ಟು ನೋಡಿದೆ. ತಾರೀಖಿನ ಅಂಕಿ ಬದಲಾಯಿತು, ಕನ್ನಡ ಅಕ್ಷರ ಇದ್ದ ಹಾಗೇ ಇದೆ. ಯಾಕೆ?

ಒತ್ತಕ್ಷರ:
ಜಾರ್ಜಿಯಾದಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಅಂಕಿ, ಚಿಹ್ನೆಗಳನ್ನು ಅದರಿಂದ ತೆಗೆದುಕೊಂಡು, ಕನ್ನಡಕ್ಕೆ ಬ್ರೌಸರ್ ಬೇರೆ ಫಾಂಟ್ ಹುಡುಕುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಅಥವಾ ತುಂಗಾ ಸಿಗಬಹುದು, ಆಂಡ್ರಾಯ್ಡ್‌ನಲ್ಲಿ ನೋಟೋ. ಹಾಗಾಗಿ ನಿಮಗೆ ಕಂಡಂತೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಕನ್ನಡ ಇರುವ ಫಾಂಟನ್ನೇ ಹೆಸರಿಸಿ, ಪುಟದ ಜೊತೆಗೇ ಬರುವ ವೆಬ್‌ಫಾಂಟ್ ಆಗಿ ಜೋಡಿಸಿ. ಪತ್ರಕ್ಕೆ ನೋಟೋ ಸೆರಿಫ್ ಕನ್ನಡ, ಮೆಸೇಜಿಗೆ ನೋಟೋ ಸ್ಯಾನ್ಸ್ ಕನ್ನಡ ಇಟ್ಟರೆ ಬಣ್ಣ ಇಲ್ಲದೆಯೂ ವ್ಯತ್ಯಾಸ ಕಾಣುತ್ತದೆ.

ಇಟಾಲಿಕ್ ಮಾತ್ರ ದಯವಿಟ್ಟು ಬೇಡ. ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಇಟಾಲಿಕ್ ಅಂತ ಬೇರೆ ವಿನ್ಯಾಸವೇ ಇರುವುದಿಲ್ಲ. ಬ್ರೌಸರ್ ಇದ್ದ ಅಕ್ಷರವನ್ನೇ ಓರೆಯಾಗಿ ಎಳೆಯುತ್ತದೆ. ದುಂಡನೆಯ ನಮ್ಮ ಅಕ್ಷರ ಹಾಗೆ ವಾಲಿದರೆ ನೋಡಲು ಬೇಸರವಾಗುತ್ತದೆ. ಸಾಲಿನ ಅಂತರವನ್ನೂ ಗಮನಿಸಿ. ಇಂಗ್ಲಿಷಿಗೆ ಸಾಕಾಗುವ, ಅಕ್ಷರದ ಗಾತ್ರದ 1.2 ಪಟ್ಟು ಅಂತರ ನಮಗೆ ಸಾಲದು. "ರಾಷ್ಟ್ರ", "ಸ್ತ್ರೀ" ಥರದ ಪದ ಬಂದರೆ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. 1.6 ಇಟ್ಟರೆ ಉಸಿರಾಡಲು ಜಾಗ ಸಿಗುತ್ತದೆ. ಕೈಬರಹದ ಫಾಂಟ್ ಅಜ್ಜಿಯ ಸಹಿಗೆ ಚೆಂದ, ಇಡೀ ಪತ್ರಕ್ಕೆ ಹಾಕಿದರೆ ಕಣ್ಣು ದಣಿಯುತ್ತದೆ.

ಸಾದಾಪುಟ:
ಇದೆಲ್ಲ ಒಳ್ಳೆಯ ಮಾಹಿತಿಯೇ. ಆದರೂ ಕೇಳುತ್ತೇನೆ, ಓದುವವರು ಹಿನ್ನೆಲೆ ಕಪ್ಪು ಮಾಡಿಕೊಂಡರೆ ಆ ಗಾಢ ಕಂದು ಏನಾಗುತ್ತದೆ? 8ಬಿ4513 ಎಂಬ ಕಂದು ಬಿಳಿಯ ಮೇಲೆ ಸುಮಾರು 7:1. ಕಪ್ಪಿನ ಮೇಲೆ 3:1 ಕೂಡ ಮುಟ್ಟುವುದಿಲ್ಲ.

ಕವಲುದಾರಿ:
ಸಾಲುಸಾಲಿಗೂ ಬಣ್ಣ ಹಚ್ಚಿದರೆ ಮಾತ್ರ ಈ ತೊಂದರೆ. ಪ್ಯಾಸೇಜಿಗೆ (ಟ್ವೈನ್‌ನಲ್ಲಿ ಕಥೆಯ ಒಂದು ಪುಟ) "ಪತ್ರ" ಅಂತ ಟ್ಯಾಗ್ ಹಾಕಿ. ಪತ್ರ ಹೇಗೆ ಕಾಣಬೇಕು ಅನ್ನುವುದನ್ನು ಸ್ಟೋರಿ ಸ್ಟೈಲ್‌ಶೀಟಿನಲ್ಲಿ ಒಂದೇ ಕಡೆ ಬರೆಯಿರಿ. ಬಿಳಿ ಹಿನ್ನೆಲೆಗೆ ಗಾಢ ಕಂದು, ಕಪ್ಪು ಹಿನ್ನೆಲೆಗೆ ತಿಳಿ ಕಂದು ಅಂತ ಎರಡನ್ನೂ ಅಲ್ಲೇ ಇಡಬಹುದು. ಮುಂದೆ ಮನಸ್ಸು ಬದಲಾದರೂ ತಿದ್ದುವುದು ಆ ಒಂದೇ ಕಡೆ. ಒಂದು ಕಡೆ ಬರೆದು ಇನ್ನೊಂದು ಕಡೆ ಪೇಸ್ಟ್ ಮಾಡುವವರು ಫಾರ್ಮ್ಯಾಟ್ ಇಲ್ಲದೆ ಪೇಸ್ಟ್ ಮಾಡಿ. ಅನೇಕ ಎಡಿಟರ್‌ಗಳಲ್ಲಿ ಹಳೆಯ ಬಣ್ಣ, ಫಾಂಟ್ ಕಣ್ಣಿಗೆ ಕಾಣದೆ ಜೊತೆಗೇ ಬಂದುಬಿಡುತ್ತವೆ.

ಯಾರೂ ಹೇಳದ ಒಂದು ವಿಷಯ ಇದೆ, ಲಿಂಕ್. ಟ್ವೈನ್ ಕಥೆ ಹೇಗೆ ಕಾಣಬೇಕು, ನಡೆಯಬೇಕು ಅಂತ ನಿರ್ಧರಿಸುವ ಫಾರ್ಮ್ಯಾಟುಗಳಿವೆ. ಅವುಗಳಲ್ಲಿ ಒಂದಾದ ಹಾರ್ಲೋದಲ್ಲಿ ಲಿಂಕುಗಳು ನೀಲಿಯ ದಪ್ಪ ಅಕ್ಷರದಲ್ಲಿರುತ್ತವೆ, ಅಡಿಗೆರೆ ಇರುವುದಿಲ್ಲ. ಮೆಸೇಜು ಹಸಿರಾದರೆ ಓದುವವರು ಅದನ್ನೂ ಒತ್ತಿ ನೋಡುತ್ತಾರೆ. ಏನೂ ಆಗದಿದ್ದಾಗ ಕಥೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕವಲು ಕಥೆಗೆ ಲಿಂಕೇ ಜೀವ. ಅದಕ್ಕೆ ಅಡಿಗೆರೆ ಕೊಡಿ, ಬೇರೆ ಯಾವುದಕ್ಕೂ ಕೊಡಬೇಡಿ.

ಓದುವವರಿಗೂ ಆಯ್ಕೆ ಕೊಡಬೇಕಿದ್ದರೆ ಶುಗರ್‌ಕ್ಯೂಬ್ ಫಾರ್ಮ್ಯಾಟ್ ಸುಲಭ. ಅದರಲ್ಲಿ ಸೆಟ್ಟಿಂಗ್ಸ್ ಪೆಟ್ಟಿಗೆ ಕಟ್ಟಿಕೊಳ್ಳುವ ಸೌಲಭ್ಯ ಮೊದಲೇ ಇದೆ. ಆದರೆ ಈಗಲೇ ಆರಿಸಿ. ಹಾರ್ಲೋ, ಶುಗರ್‌ಕ್ಯೂಬ್ ಎರಡರಲ್ಲಿ ಮ್ಯಾಕ್ರೋ, ಅಂದರೆ ಕಥೆಯೊಳಗಿನ ಆಜ್ಞೆ, ಬರೆಯುವ ರೀತಿ ಬೇರೆ ಬೇರೆ. ಅರ್ಧ ಕಥೆ ಆದ ಮೇಲೆ ಬದಲಿಸಿದರೆ ತಿದ್ದಿ ತಿದ್ದಿ ಸಾಕಾಗುತ್ತದೆ.

ಸಾದಾಪುಟ:
ಸೆಟ್ಟಿಂಗ್ಸ್ ಇದ್ದರೆ ನನ್ನ ತಕರಾರು ಅರ್ಧ ಕಡಿಮೆ. ಆದರೆ ಮೊದಲ ಸಲ ತೆರೆದಾಗ ಸಾದಾ ರೂಪವೇ ಬರಲಿ. ಬೇಕಾದವರು ಬಣ್ಣ ಹಾಕಿಕೊಳ್ಳಲಿ.

ಹಸಿರುಶಾಯಿ:
ಇದನ್ನು ನಾನು ಒಪ್ಪುವುದಿಲ್ಲ. ಸೆಟ್ಟಿಂಗ್ಸ್ ಮುಟ್ಟದೇ ಓದುವವರೇ ಜಾಸ್ತಿ. ಸಾದಾ ರೂಪ ಮೊದಲು ಬಂದರೆ ಬರೆದವರು ಕಂಡ ಪುಟ ಅವರಿಗೆ ಕಾಣುವುದೇ ಇಲ್ಲ.

ಸಾದಾಪುಟ:
ಅದೇ ಕಾರಣಕ್ಕೆ ನಾನು ಹೇಳುತ್ತಿರುವುದು. ಮುಟ್ಟದೇ ಇರುವವರಲ್ಲಿ ಕಣ್ಣಿಗೆ ಕಷ್ಟವಾಗಿ ಸುಮ್ನೆ ಪುಟ ಮುಚ್ಚಿಬಿಡುವವರೂ ಇರುತ್ತಾರೆ.

ಕಥೆಗಾರ್ತಿ:
ಇಬ್ಬರ ಮಾತೂ ಯೋಚಿಸಿದೆ. ಮೊದಲು ನನ್ನ ರೂಪವೇ ಬರಲಿ, ಆದರೆ ಕಾಂಟ್ರಾಸ್ಟ್ 4.5 ದಾಟಿದ ಬಣ್ಣಗಳು ಮಾತ್ರ. "ಸಾದಾ" ಅನ್ನುವ ಬಟನ್ ಪ್ರತಿ ಪುಟದಲ್ಲೂ ಎದುರಿಗೇ ಇರುತ್ತದೆ. ಶುಗರ್‌ಕ್ಯೂಬ್‌ಗೆ ಇವತ್ತೇ ಹೋಗುತ್ತೇನೆ. ಕಣ್ಣಳತೆ ಅವರೇ, ಮೊದಲ ಕವಲು ಸಿದ್ಧವಾದಾಗ ನೋಡುತ್ತೀರಾ?

ಕಣ್ಣಳತೆ:
ಖಂಡಿತ. ಕಳಿಸುವ ಮುಂಚೆ ಸ್ಕ್ರೀನ್ ಅನ್ನು ಕಪ್ಪು-ಬಿಳುಪು ಮಾಡಿ ನೀವೇ ಒಂದು ಸಲ ಓದಿ. ಮೆಸೇಜು ಯಾವುದು, ಲಿಂಕ್ ಯಾವುದು ಅಂತ ಅಲ್ಲಿ ಗೊತ್ತಾಗದಿದ್ದರೆ ಚೌಕದ ಗೆರೆ ಇನ್ನಷ್ಟು ದಪ್ಪ ಮಾಡಿ.