ಸಹಾಯ ಬೇಕು: ಕೊಡಚಾದ್ರಿ ಹತ್ತಲು ಮೈ ತಯಾರು ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಹತ್ತಿರದವಳು, ವಯಸ್ಸು ನಲವತ್ತು ದಾಟಿದೆ. ದೀಪಾವಳಿ ಕಳೆದ ಮೇಲೆ ಅಕ್ಕನ ಮಕ್ಕಳ ಜೊತೆ ಕೊಡಚಾದ್ರಿಗೆ ಹೋಗುವ ಯೋಚನೆ. ಜೀಪಲ್ಲಿ ಅಲ್ಲ, ಹಿಡ್ಲುಮನೆ ಫಾಲ್ಸ್ ದಾರಿಯಲ್ಲಿ ನಡೆದೇ. ಎತ್ತರ 1,343 ಮೀಟರ್. ನನಗೋ ಮನೆ ಹಿಂದಿನ ದರೆ ಹತ್ತಿದರೇ ಏದುಸಿರು!

ಈ ಮಳೆಯಲ್ಲಿ ವಾಕಿಂಗ್ ಆಗುವುದಿಲ್ಲ, ತೋಟಕ್ಕೆ ಕಾಲಿಟ್ಟರೆ ಇಂಬಳ (ಜಿಗಣೆ). ಹಾಗಾಗಿ ಜಗುಲಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಹತ್ತುವಾಗ ಪರವಾಗಿಲ್ಲ, ಇಳಿಯುವಾಗ ಮಂಡಿ ನೋವು. ತೊಡೆಗೆ ಬಲ ಬರಲು ಮನೆಯಲ್ಲೇ ಮಾಡುವ ವ್ಯಾಯಾಮ ಇದ್ದರೆ ತಿಳಿಸಿ. ಶಿವಮೊಗ್ಗದಲ್ಲಿ ಒಳ್ಳೆಯ ಫಿಸಿಯೋಥೆರಪಿಸ್ಟ್ ಗೊತ್ತಿದ್ದರೂ ಹೇಳಿ.

ಇನ್ನೊಂದು ವಿಷಯ. ಪರಿಚಯದವರೊಬ್ಬರು ಸುಸ್ತೇ ಇರಲ್ಲ ಅಂತ ಅಶ್ವಗಂಧ ಪುಡಿಯ ಡಬ್ಬ ಕೊಟ್ಟು ಹೋಗಿದ್ದಾರೆ. ನಾನು ಥೈರಾಯ್ಡ್ ಮಾತ್ರೆ ನುಂಗುವವಳು. ಅಶ್ವಗಂಧದಿಂದ ಥೈರಾಯ್ಡ್ ಹಾರ್ಮೋನ್ ಹೆಚ್ಚಾಗಬಹುದು ಅಂತ ಓದಿದ್ದೇನೆ. ಡಾಕ್ಟರನ್ನು ಕೇಳದೆ ಡಬ್ಬ ತೆರೆಯುವುದಿಲ್ಲ. 'ನ್ಯಾಚುರಲ್ ಅಲ್ವಾ, ಏನೂ ಆಗಲ್ಲ' ಅನ್ನುವ ಸಲಹೆ ದಯವಿಟ್ಟು ಬೇಡ.

ಪ್ರೋಟೀನ್ ಪುಡಿಯೂ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿಯೇ ಅದರಿಂದ ದೂರ ಇರಿ ಅನ್ನುತ್ತದೆ. 100 ಗ್ರಾಂ ಹುರುಳಿಕಾಳಲ್ಲೇ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಆದರೆ ನಮ್ಮಲ್ಲಿ ಹುರುಳಿ ಅಂದರೆ ಸಾರು ಮಾತ್ರ, ದಿನಾ ಅದೇ ಮಾಡಿದರೆ ಮನೆಯವರು ಗೊಣಗುತ್ತಾರೆ. ಮೊಳಕೆ ಹುರುಳಿಯಲ್ಲಿ ನೀವೆಲ್ಲ ಏನೇನು ಮಾಡ್ತೀರಿ? ಬೆಳಗಿನ ತಿಂಡಿಗೆ ಆಗುವಂಥದ್ದಾದರೆ ಇನ್ನೂ ಒಳ್ಳೆಯದು.