ಅದೇ ದೇವರು, ಅದೇ ಹಬ್ಬ ಇದ್ದರೂ ನೆರೆಯ ದೇಶ ಬೇರೆಯಾಗುವುದು ಎಲ್ಲಿ?

ಪ್ರಶ್ನೆ: ಇತಿಹಾಸ ಉಪನ್ಯಾಸಕಿ, ದಾವಣಗೆರೆ

ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಕಳೆದ ವಾರ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ನಮ್ಮ ಬೀದಿಯಲ್ಲಿ ರಾತ್ರಿ ಗಸ್ತು ತಿರುಗುವ ನೇಪಾಳದವರು ದಸರಾ ಮಾಡುತ್ತಾರೆ, ಶಿವನನ್ನು ಪೂಜಿಸುತ್ತಾರೆ, ತಮ್ಮ ಭಾಷೆಯನ್ನು ದೇವನಾಗರಿಯಲ್ಲೇ ಬರೆಯುತ್ತಾರೆ. ಹಾಗಿದ್ದ ಮೇಲೆ ಅವರ ದೇಶ ಬೇರೆ ಏಕೆ?" ಎಂದು ಕೇಳಿದಳು. ನೇಪಾಳವು ಬ್ರಿಟಿಷರ ವಸಾಹತಾಗಲಿಲ್ಲವೆಂಬ ಸಂಗತಿಯನ್ನು ಹೇಳಿ ಉತ್ತರಿಸಿದೆನಾದರೂ ನನಗೇ ಸಮಾಧಾನವಾಗಲಿಲ್ಲ. ನೆರೆಯವರೊಂದಿಗಿನ ಸಾಂಸ್ಕೃತಿಕ ನಂಟು ಒಂದು ದೇಶದ ತನ್ನತನವನ್ನು ಸಡಿಲಗೊಳಿಸುತ್ತದೆಯೋ, ಇಲ್ಲವೇ ಆ ತನ್ನತನ ರೂಪುಗೊಳ್ಳುವುದೇ ಆ ನಂಟಿನೊಳಗೋ? ಬಲ್ಲವರು ಉದಾಹರಣೆಗಳೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಕೋಲ್ಕತ್ತದಲ್ಲಿ ಕೆಲವು ವರ್ಷ ನೌಕರಿ ಮಾಡಿದವನಾದ್ದರಿಂದ ನನಗೆ ಮೊದಲು ನೆನಪಾಗುವುದು ಬಾಂಗ್ಲಾದೇಶ. ಅದರ ರಾಷ್ಟ್ರಗೀತೆಯನ್ನು ಬರೆದವರು ನಮ್ಮ ರಾಷ್ಟ್ರಗೀತೆಯನ್ನು ಬರೆದ ರವೀಂದ್ರನಾಥ ಠಾಕೂರರೇ. 1905ರ ಬಂಗಾಳ ವಿಭಜನೆಯ ವಿರುದ್ಧ ಹುಟ್ಟಿದ ಆ ಹಾಡು, 1947ರ ವಿಭಜನೆಯಿಂದಲೇ ಬೇರೆಯಾಗಿ ಪಾಕಿಸ್ತಾನಕ್ಕೆ ಸೇರಿದ್ದ ಭಾಗವೊಂದು ಸ್ವತಂತ್ರ ದೇಶವಾದಾಗ ಅದರ ಗೀತೆಯಾಯಿತು. ಇದಕ್ಕೆ ಹಿನ್ನೆಲೆಯಿದೆ. ಉರ್ದುವೊಂದನ್ನೇ ಹೇರಲು ಹೊರಟ ಆಡಳಿತದ ಎದುರು 1952ರ ಫೆಬ್ರವರಿ 21ರಂದು ಢಾಕಾದಲ್ಲಿ ವಿದ್ಯಾರ್ಥಿಗಳು ಬಂಗಾಳಿಗಾಗಿ ಪ್ರಾಣ ಕೊಟ್ಟರು. 1967ರಲ್ಲಿ ಪಾಕಿಸ್ತಾನ ಸರ್ಕಾರವು ರೇಡಿಯೋದಲ್ಲಿ ಠಾಕೂರರ ಹಾಡುಗಳನ್ನು ತಡೆಯಲು ಮುಂದಾದಾಗ, ಅಲ್ಲಿನ ಜನ ಅದೇ ಹಾಡುಗಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಗಡಿಯಾಚೆಯವರೊಂದಿಗೆ ಹಂಚಿಕೊಂಡ ಕವಿಯೇ ಅವರ ಪ್ರತ್ಯೇಕ ದೇಶಕ್ಕೆ ಆಧಾರವಾದದ್ದು ನನಗೆ ಇಂದಿಗೂ ಬೆರಗಿನ ವಿಷಯ.

ಆದರೂ ಅವರು ಢಾಕಾವನ್ನು ಕೋಲ್ಕತ್ತದ ನೆರಳಾಗಲು ಬಿಡಲಿಲ್ಲ. ಅಲ್ಲಿ ಬಂಗಾಳಿ ಹೊಸ ವರ್ಷ ಏಪ್ರಿಲ್ 14ಕ್ಕೆ ಸ್ಥಿರವಾಗಿದೆ. ಹಳೆಯ ಪಂಚಾಂಗವನ್ನು ಅನುಸರಿಸುವ ಪಶ್ಚಿಮ ಬಂಗಾಳದಲ್ಲಿ ಸಾಮಾನ್ಯವಾಗಿ ಮರುದಿನ ಬರುತ್ತದೆ.

ಉತ್ತರ 2: ಮೊಳಕಾಲ್ಮೂರು ತಾಲ್ಲೂಕಿನವರು

ಇದಕ್ಕೆ ಢಾಕಾದವರೆಗೆ ಹೋಗಬೇಕಾಗಿಲ್ಲ, ನಮ್ಮ ಬ್ರಹ್ಮಗಿರಿಯ ಬಂಡೆಯೇ ಉತ್ತರ ಹೇಳುತ್ತದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಕೊನೆಯಲ್ಲಿ ಅದನ್ನು ಬರೆದ ಚಪಡನು ತನ್ನ ಹೆಸರು ಹೇಳಿ, 'ಲಿಪಿಕಾರ' ಎಂಬರ್ಥದ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಗಾಂಧಾರದ ಕಡೆಯ, ಅಂದರೆ ಇಂದಿನ ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನ ಸೀಮೆಯ ಲಿಪಿ. ಶಾಹಬಾಜ್‌ಗಢಿಯ ಅಶೋಕ ಶಾಸನಗಳು ಇದೇ ಲಿಪಿಯಲ್ಲಿವೆ. ಆತ ಅಲ್ಲಿಯವನೇ ಆಗಿದ್ದನೋ, ಆ ಲಿಪಿಯನ್ನು ಕಲಿತವನಷ್ಟೇ ಆಗಿದ್ದನೋ ಬಂಡೆ ಹೇಳುವುದಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದರ ಮೇಲೆ ಆ ಸೀಮೆಯ ಅಕ್ಷರಗಳಿವೆ, ಮತ್ತು ಅದನ್ನು ನಾವು ನಮ್ಮ ಹೆಮ್ಮೆಯೆಂದೇ ತೋರಿಸುತ್ತೇವೆ.

ನಮ್ಮ ಭಾಗದಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವವರು ಬಹಳ ಮಂದಿ. ನಾವು ಕನ್ನಡಿಗರೇ ಎಂಬುದರಲ್ಲಿ ನಮಗೆಂದೂ ಅನುಮಾನ ಬಂದಿಲ್ಲ. ಹೊರಗಿನವರು ಕೇಳಿದಾಗ ಮಾತ್ರ ನೋವಾಗುತ್ತದೆ.

ಉತ್ತರ 3: ಕಾನೂನು ವಿದ್ಯಾರ್ಥಿ, ಚಿತ್ರದುರ್ಗ

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸಬೇಕೆನಿಸುತ್ತದೆ. ನಂಟನ್ನು ದೊಡ್ಡ ದೇಶ ನೋಡುವ ಬಗೆ ಬೇರೆ, ಚಿಕ್ಕ ದೇಶ ಅನುಭವಿಸುವ ಬಗೆ ಬೇರೆ. ಕಠ್ಮಂಡುವಿನ ಪಶುಪತಿನಾಥ ದೇವಾಲಯದಲ್ಲಿ ಕರ್ನಾಟಕದಿಂದ ಹೋದ ಭಟ್ಟರು ಪೂಜೆ ಮಾಡುತ್ತಾರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. 2008ರಲ್ಲಿ ಅರಸೊತ್ತಿಗೆ ಕೊನೆಗೊಂಡ ಮೇಲೆ ಅಲ್ಲಿನ ಸರ್ಕಾರ ಅವರ ಬದಲು ನೇಪಾಳಿ ಅರ್ಚಕರನ್ನು ನೇಮಿಸಿತು. ಆಗ ಬೀದಿಗಿಳಿದು ವಿರೋಧಿಸಿದವರಲ್ಲಿ ನೇಪಾಳಿಗಳೇ ಇದ್ದರು, ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು, 2009ರ ಜನವರಿಯಲ್ಲಿ ಸರ್ಕಾರ ಹಿಂದೆ ಸರಿಯಿತು. ಇದನ್ನು ನಮ್ಮ ಗೆಲುವೆಂದು ಓದುವುದು ತಪ್ಪು. ಹೊರಗಿನ ಅರ್ಚಕರ ಪದ್ಧತಿಯನ್ನು ತಮ್ಮದೇ ಸಂಪ್ರದಾಯವೆಂದು ಉಳಿಸಿಕೊಂಡವರೂ ನೇಪಾಳಿಗಳು, ಸ್ವತಂತ್ರ ದೇಶಕ್ಕೆ ಸ್ವಂತ ಅರ್ಚಕರು ಬೇಡವೇ ಎಂದು ಕೇಳಿದವರೂ ನೇಪಾಳಿಗಳು.

ನಿಮ್ಮ ವಿದ್ಯಾರ್ಥಿನಿಗೆ ಗಡಿಯಾರದ ಉದಾಹರಣೆ ಕೊಡಿ. ನೇಪಾಳದ ಸಮಯ ನಮ್ಮದಕ್ಕಿಂತ 15 ನಿಮಿಷ ಮುಂದಿದೆ. 1986ರಿಂದ ಅವರು ಗೌರೀಶಂಕರ ಶಿಖರದ ಬಳಿ ಹಾದುಹೋಗುವ ರೇಖಾಂಶವನ್ನು ಆಧಾರವಾಗಿ ಹಿಡಿದಿದ್ದಾರೆ. ವ್ಯವಹಾರದ ದೃಷ್ಟಿಯಿಂದ ಕಾಲು ಗಂಟೆ ದೊಡ್ಡದಲ್ಲ, ಆದರೆ ದೇವರು, ಹಬ್ಬ, ಲಿಪಿ ಎಲ್ಲವೂ ಹತ್ತಿರವಿರುವಾಗ ಇಂತಹ ಕಾಲು ಗಂಟೆಗೆ ಬೆಲೆ ಬರುತ್ತದೆ. "ಅವರೂ ನಮ್ಮವರೇ" ಎಂದು ನಾವು ಪ್ರೀತಿಯಿಂದ ಹೇಳಿದರೂ, ಕೇಳುವವರಿಗೆ ಅದು ಹಕ್ಕಿನ ಮಾತಾಗಿ ಕೇಳಿಸಬಹುದು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. "ದೇಶ ಬೇರೆ ಏಕೆ" ಎಂಬ ಪ್ರಶ್ನೆಯನ್ನು ಗಸ್ತಿನವರಿಗೇ ಕೇಳಲು ಆ ಹುಡುಗಿಗೆ ಹೇಳುತ್ತೇನೆ. ನಾನೇ ಉತ್ತರ ಕೊಡಲು ಹೋದದ್ದು ಆತುರವಾಯಿತು. ಮುಂದಿನ ತಿಂಗಳು ತರಗತಿಯನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗುವ ಯೋಚನೆಯಿದೆ. ಮೊಳಕಾಲ್ಮೂರಿನವರು ಬಂಡೆಯ ಮೇಲೆ ಆ ಖರೋಷ್ಠಿ ಪದ ಎಲ್ಲಿದೆಯೆಂದು ಮಕ್ಕಳಿಗೆ ತೋರಿಸಲು ಒಂದು ದಿನ ಬಿಡುವು ಮಾಡಿಕೊಳ್ಳಲು ಸಾಧ್ಯವೇ?